ಹಾಸ್ಟೆಲಿನ ಕೀಲಿ

ನಮ್ಮ ಬೀದರ ಸೀಮೆಯಲ್ಲಿ ಕೀಲಿ ಎಂದರೆ ಬೀಗ. ಅದನ್ನು ತೆಗೆಯುವುದು ಕೀಲಿಕೈ. ‘ರೂಮಿಗೆ ಕೀಲಿ ಹಾಕಿದೆಯಾ’ ಎಂದು ಮೈಸೂರು ಕಡೆಯ ಗೆಳೆಯರನ್ನು ಕೇಳಿದರೆ ಒಂದು ಗಳಿಗೆ ತಡವರಿಸುತ್ತಾರೆ. ಈ ಬರಹದಲ್ಲಿ ನಾನು ನಮ್ಮೂರಿನ ಅರ್ಥದಲ್ಲೇ ಆ ಮಾತನ್ನು ಬಳಸುತ್ತೇನೆ.

2012ರ ಜೂನ್ ತಿಂಗಳಲ್ಲಿ ಪಿಯುಸಿ ಓದಲೆಂದು ಬೇಮಳಖೇಡ ಬಿಟ್ಟು ಹೊರಟಾಗ ಅಪ್ಪ ಹುಮನಾಬಾದದ ಬಜಾರಿನಲ್ಲಿ ಎರಡು ವಸ್ತು ಕೊಡಿಸಿದ್ದ. ಒಂದು ತಗಡಿನ ಟ್ರಂಕು, ಇನ್ನೊಂದು ಹಿತ್ತಾಳೆ ಬಣ್ಣದ ಸಣ್ಣ ಕೀಲಿ. ಅವ್ವ ಟ್ರಂಕಿನ ತಳಕ್ಕೆ ಹಳೆಯ ಪೇಪರು ಹಾಸಿದಳು, ತುಕ್ಕು ಅಂಗಿಗೆ ಹತ್ತಬಾರದೆಂದು. ಅದರ ಮೇಲೆ ಎರಡು ಜೊತೆ ಬಟ್ಟೆ, ಒಂದು ಚಾದರ, ಕಟಕ ರೊಟ್ಟಿಯ ಗಂಟು, ಶೇಂಗಾ ಹಿಂಡಿಯ ಡಬ್ಬಿ. ಮೇಲೆ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಟಿಸಿ, ಜಾತಿ ಮತ್ತು ಆದಾಯದ ಸರ್ಟಿಫಿಕೇಟು. ಅಪ್ಪ ಕೊಟ್ಟ ಬುದ್ಧಿಮಾತು ಒಂದೇ: “ಕೀಲಿಕೈ ಉಡದಾರಕ್ಕ ಕಟ್ಕೋ. ಜಳಕಕ್ಕ ಹೋದರೂ ಬಿಚ್ಚಬ್ಯಾಡ.”

ಆಗಿನಿಂದ ಇವತ್ತಿನವರೆಗೆ ನಾನು ನಾಲ್ಕು ಹಾಸ್ಟೆಲುಗಳಲ್ಲಿ ಇದ್ದೇನೆ. ಈಗ ನನ್ನ ಪಿಎಚ್.ಡಿ. ವಿಷಯವೂ ಅದೇ: ನಮ್ಮ ಭಾಗದಲ್ಲಿ ಮನೆ ಬಿಟ್ಟು ಓದಲು ಹೋದವರು ಎಲ್ಲಿ ಮಲಗಿದರು, ಏನು ಉಂಡರು, ಅವರನ್ನು ಮತ್ತು ಅವರ ಸಾಮಾನನ್ನು ಯಾರು ಕಾದರು. ಗೈಡ್ ಮೊದಲು ನಕ್ಕರು. ‘ಇದರಲ್ಲಿ ಇತಿಹಾಸ ಎಲ್ಲಿದೆಯಪ್ಪಾ’ ಎಂದರು. ಶಾಸನಗಳ ಪಟ್ಟಿ ಮುಂದಿಟ್ಟ ಮೇಲೆ ಸುಮ್ಮನಾದರು. ಈ ವಿಷಯ ಆರಿಸಿಕೊಳ್ಳಲು ನನಗೆ ಬೇರೆಯೇ ಕಾರಣವಿತ್ತು, ಅದನ್ನು ಅವರಿಗೆ ಹೇಳಲಿಲ್ಲ. ಇಲ್ಲಿ ಮುಂದೆ ಹೇಳುತ್ತೇನೆ.

ಹಳೆಯದರಿಂದ ಶುರು ಮಾಡೋಣ. ಇಂಡಿ ತಾಲೂಕಿನ ಸಾಲೋಟಗಿಯಲ್ಲಿ 945ರ ಶಾಸನವೊಂದಿದೆ. ರಾಷ್ಟ್ರಕೂಟ ಮೂರನೆಯ ಕೃಷ್ಣನ ಮಂತ್ರಿ ನಾರಾಯಣ ಅಲ್ಲಿ ಒಂದು ಶಾಲೆ ಕಟ್ಟಿಸಿದ್ದ. ಊರಿನ ಆಗಿನ ಹೆಸರು ಪಾವಿಟ್ಟಗೆ. ಬೇರೆ ಬೇರೆ ನಾಡುಗಳಿಂದ ಬಂದ ವಿದ್ಯಾರ್ಥಿಗಳು ಉಳಿಯಲು 27 ಮನೆಗಳನ್ನು ಬಿಟ್ಟುಕೊಟ್ಟದ್ದನ್ನು ಶಾಸನ ಹೇಳುತ್ತದೆ. ಗುರುವಿಗೆ 50 ನಿವರ್ತನ ಭೂಮಿ, ದೀಪದ ಖರ್ಚಿಗೇ 12 ನಿವರ್ತನ. ಇದಲ್ಲದೆ ಊರಿನಲ್ಲಿ ಮದುವೆ, ಮುಂಜಿ, ಚೌಲ ನಡೆದಾಗ ಬ್ರಾಹ್ಮಣ ಮನೆಗಳು ಶಾಲೆಗೆ ಇಷ್ಟಿಷ್ಟು ಹಣ ಕೊಡಬೇಕು. ದೀಪಕ್ಕೆ ಬೇರೆಯಾಗಿ ಭೂಮಿ ಬಿಟ್ಟದ್ದನ್ನು ಮೊದಲ ಸಲ ಓದಿದಾಗ ನನಗೆ ನಮ್ಮ ಹಾಸ್ಟೆಲಿನ ಪಾಯಖಾನೆಯ ಓಣಿ ನೆನಪಾಯಿತು. ಅಲ್ಲಿನ ಬಲ್ಬು ಹೋದರೆ ತಿಂಗಳಾನುಗಟ್ಟಲೆ ಹೊಸದು ಬರುತ್ತಿರಲಿಲ್ಲ. ಕಳವು ಆಗುತ್ತಿದ್ದದ್ದೂ, ಹಿರಿಯರು ಕಿರಿಯರನ್ನು ತಡೆದು ಕಾಡುತ್ತಿದ್ದದ್ದೂ ಆ ಓಣಿಯಲ್ಲೇ. ಸಾವಿರ ವರ್ಷದ ಹಿಂದಿನ ಆ ಮಂತ್ರಿ ದೀಪವನ್ನು ಓದಿಗಾಗಿ ಕೊಟ್ಟಿರಬಹುದು, ಆದರೆ ಅದರ ಬೆಳಕು ಹುಡುಗರು ಓಡಾಡುವ ದಾರಿಗೂ ಬಿದ್ದಿರಬೇಕು.

ಚಿತ್ತಾಪುರದ ಪಕ್ಕದ ನಾಗಾವಿ ನಮಗೆ ಇನ್ನೂ ಹತ್ತಿರ. ಯಲ್ಲಮ್ಮನ ಗುಡಿಗೆ ಹೋಗುವ ಜನ ಅಲ್ಲಿನ ಅರವತ್ತು ಕಂಬದ ಗುಡಿಯನ್ನು ನೋಡಿರುತ್ತಾರೆ. ಕಲ್ಯಾಣದಿಂದ, ಅಂದರೆ ಇಂದಿನ ಬಸವಕಲ್ಯಾಣದಿಂದ, ಆಳುತ್ತಿದ್ದ ತ್ರೈಲೋಕ್ಯಮಲ್ಲ ಸೋಮೇಶ್ವರನ ದಂಡನಾಯಕ ಮಧುಸೂದನ ಇಲ್ಲಿ ಘಟಿಕಾಸ್ಥಾನ ನಡೆಸಲು ದತ್ತಿ ಬಿಟ್ಟ. ಶಾಸನದ ಕಾಲ 1058. ವೇದ ಓದುವ 200 ವಿದ್ಯಾರ್ಥಿಗಳು, ಶಾಸ್ತ್ರ ಓದುವ 52 ವಿದ್ಯಾರ್ಥಿಗಳು. ವೇದಕ್ಕೆ ಮೂವರು, ಶಾಸ್ತ್ರಕ್ಕೆ ಮೂವರು, ಒಟ್ಟು ಆರು ಜನ ಉಪಾಧ್ಯಾಯರು. ಅವರ ಜೊತೆಗೆ ಆರು ಜನ ಸರಸ್ವತೀ ಭಂಡಾರಿಗರು, ಅಂದರೆ ಪುಸ್ತಕ ಕಾಯುವವರು.

ಕಲಿಸುವವರು ಎಷ್ಟೋ ಕಾಯುವವರೂ ಅಷ್ಟೇ. ನಾನು ನಾಗಾವಿಯ ಆ ಮಂಟಪದಲ್ಲಿ ಕೂತು ಈ ಲೆಕ್ಕವನ್ನು ಬಹಳ ಹೊತ್ತು ಯೋಚಿಸಿದ್ದೇನೆ. ತಾಳೆಗರಿಗೆ ಗೆದ್ದಲು, ಹುಳ, ತೇವ, ಬೆಂಕಿ, ಎಲ್ಲವೂ ಶತ್ರುವೇ. ಕದ್ದರೆ ಮತ್ತೊಂದು ಪ್ರತಿ ಮಾಡಲು ತಿಂಗಳುಗಳೇ ಬೇಕು. ಹಾಗಾಗಿ ಕಾವಲಿಗೆ ಆರು ಜನ ಹೆಚ್ಚೇನಲ್ಲ. ನನ್ನ ಪಿಯುಸಿ ಹಾಸ್ಟೆಲಿನಲ್ಲಿ 110 ಹುಡುಗರಿಗೆ ಒಬ್ಬ ವಾರ್ಡನ್, ಇಬ್ಬರು ಅಡುಗೆಯವರು, ರಾತ್ರಿ ಒಬ್ಬ ವಾಚ್‌ಮನ್. ಆತನೂ ಹತ್ತು ಗಂಟೆಗೆ ಮಲಗುತ್ತಿದ್ದ. ಹೋಲಿಕೆ ಸರಿಯಲ್ಲ, ಗೊತ್ತು. ನಾಗಾವಿಯಲ್ಲಿ ಓದುತ್ತಿದ್ದವರು ಯಾವ ಮನೆಗಳಿಂದ ಬಂದವರು, ನಾವು ಯಾವ ಮನೆಗಳಿಂದ ಬಂದವರು ಎಂಬುದನ್ನು ಬಿಟ್ಟು ಹೋಲಿಸಿದರೆ ಇತಿಹಾಸ ಸುಳ್ಳಾಗುತ್ತದೆ. ನಮ್ಮ ಕೇರಿಯ ಯಾವನೂ ಆ ಘಟಿಕೆಯ ಕಂಬ ಮುಟ್ಟಿರಲಾರ, ಕಂಬ ಕೆತ್ತುವ ಹೊತ್ತಿನ ಹೊರತು.

ಸುರಕ್ಷತೆಯ ಮಾತು ನೇರವಾಗಿ ಬರುವುದು ಬಳ್ಳಿಗಾವಿಯ ಕೋಡಿಯ ಮಠದ 1162ರ ಶಾಸನದಲ್ಲಿ. ವೇದ, ವ್ಯಾಕರಣ, ದರ್ಶನ, ನಾಟಕ ಎಲ್ಲ ಕಲಿಸುವ ಜಾಗ ಅದು. ಆ ಪಟ್ಟಿ ಅಲ್ಲಿಗೇ ನಿಲ್ಲುವುದಿಲ್ಲ. ದೀನರಿಗೆ, ಕುರುಡರಿಗೆ, ಕಿವುಡರಿಗೆ, ಹಾಡುವವರಿಗೆ, ಕುಣಿಯುವವರಿಗೆ ಅನ್ನ ಸಿಗುವ ಜಾಗ, ರೋಗಿಗಳಿಗೆ ಮದ್ದು ಸಿಗುವ ಜಾಗ, ಕೊನೆಗೆ ಎಲ್ಲ ಜೀವಿಗಳಿಗೂ ಭಯವಿಲ್ಲದ ಜಾಗ ಎಂದು ಶಾಸನ ಹೇಳುತ್ತದೆ. ಒಂದು ವಿದ್ಯಾಸ್ಥಾನವನ್ನು ವಿವರಿಸುವಾಗ ‘ಇಲ್ಲಿ ಯಾರೂ ಹೆದರಬೇಕಿಲ್ಲ’ ಎಂಬುದನ್ನು ಬರೆಸಿದವರು ವ್ಯಾಕರಣದಷ್ಟೇ ಮುಖ್ಯ ಎಂದುಕೊಂಡಿರಬೇಕು. ಶಾಸನಗಳು ಹೊಗಳಿಕೆಯವು, ಇದ್ದದ್ದಕ್ಕಿಂತ ದೊಡ್ಡದಾಗಿ ಹೇಳುತ್ತವೆ, ನಿಜ. ಆದರೆ ಜನ ಯಾವುದನ್ನು ಹೊಗಳಿಕೆ ಎಂದುಕೊಂಡಿದ್ದರು ಎಂಬುದಾದರೂ ಅವುಗಳಿಂದ ತಿಳಿಯುತ್ತದೆ.

ಬೀದರಿನವನಾಗಿ ನನಗೆ ಹೆಚ್ಚು ಹೇಳಬೇಕೆನಿಸುವುದು ಮಹಮೂದ್ ಗಾವಾನನ ಮದರಸಾದ ಬಗ್ಗೆ. ಅದು ನಮ್ಮ ಜಿಲ್ಲೆಯ ನಿಜವಾದ ಹಳೆಯ ಹಾಸ್ಟೆಲು. ಕಟ್ಟಿದ್ದು 1472ರಲ್ಲಿ. ಗಾವಾನ ಇರಾನಿನ ಗೀಲಾನದವನು, ವ್ಯಾಪಾರಿಯಾಗಿ ಬಂದು ಬಹಮನಿ ರಾಜ್ಯದ ಪ್ರಧಾನಿಯಾದವನು. ಪೂರ್ವದಿಂದ ಪಶ್ಚಿಮಕ್ಕೆ 205 ಅಡಿ, ಉತ್ತರದಿಂದ ದಕ್ಷಿಣಕ್ಕೆ 180 ಅಡಿ, ಮೂರು ಅಂತಸ್ತು. ಮಸೀದಿ, ಪಾಠದ ಹಜಾರ, ಗ್ರಂಥಾಲಯ, ಮೇಷ್ಟ್ರುಗಳ ಮನೆ, ಹುಡುಗರ ಕೋಣೆ ಎಲ್ಲವೂ ಒಂದೇ ಚೌಕದಲ್ಲಿ. ಹೊರಗೋಡೆಗೆ ನೀಲಿ, ಹಸಿರು, ಹಳದಿ ಹೊಳಪಿನ ಹೆಂಚುಗಳನ್ನು ಹೊದಿಸಿದ್ದರು. ಈಗ ಅಲ್ಲಲ್ಲಿ ತುಂಡುಗಳು ಉಳಿದಿವೆ. ಶಾಲೆಯ ಪ್ರವಾಸದಲ್ಲಿ ಹೋದ ನಮ್ಮ ಜಿಲ್ಲೆಯ ಪ್ರತಿಯೊಂದು ಮಗುವೂ ಆ ಒಂಟಿ ಮಿನಾರನ್ನು ತಲೆ ಎತ್ತಿ ನೋಡಿರುತ್ತದೆ.

ನಾನು ನೋಡಿದ್ದು ಕೋಣೆಗಳನ್ನು. ಅವೆಲ್ಲ ನಡುವಿನ ಅಂಗಳಕ್ಕೆ ಮುಖ ಮಾಡಿವೆ. ಯಾರು ಯಾವ ಕೋಣೆಯಿಂದ ಹೊರಬಿದ್ದರು, ಯಾರು ಒಳಹೊಕ್ಕರು ಎಂಬುದು ಎದುರಿನ ಸಾಲಿನವರಿಗೆಲ್ಲ ಕಾಣುತ್ತದೆ. ಮೇಷ್ಟ್ರೂ ಅದೇ ಕಟ್ಟಡದಲ್ಲಿ. ಕಳ್ಳನಿಗೆ ಇದಕ್ಕಿಂತ ಕಷ್ಟದ ಕಟ್ಟಡ ಬೇರೆ ಇರಲಾರದು. ನಮ್ಮ ಇಂದಿನ ಹಾಸ್ಟೆಲುಗಳೋ ಎರಡೂ ಕಡೆ ಕೋಣೆ, ನಡುವೆ ಕತ್ತಲೆ ಓಣಿ. ಎದುರಿನ ಬಾಗಿಲು ತೆರೆದಿದ್ದರೆ ಮಾತ್ರ ಮನುಷ್ಯ ಕಾಣುತ್ತಾನೆ. ಅದನ್ನು ಸರಿಪಡಿಸಲು ಈಗ ಸಿಸಿಟಿವಿ ಹಾಕುತ್ತಾರೆ.

ಗಾವಾನನ ಸಾವು ಇನ್ನೊಂದು ಕಥೆ. ಬಿಜಾಪುರದಲ್ಲಿ ಕೂತು ಬರೆದ ಫೆರಿಷ್ತಾ ಅದನ್ನು ವಿವರವಾಗಿ ಹೇಳಿದ್ದಾನೆ. ಆಸ್ಥಾನದ ವೈರಿಗಳು ಗಾವಾನನ ಮುದ್ರೆ ಕಾಯುವ ಆಳಿಗೆ ಆಮಿಷ ತೋರಿಸಿದರು. ಮಡಚಿದ ಖಾಲಿ ಕಾಗದದ ಮೇಲೆ ಮುದ್ರೆ ಒತ್ತಿಸಿಕೊಂಡರು. ಆಮೇಲೆ ಅದರಲ್ಲಿ ಒರಿಸ್ಸಾದ ರಾಜನಿಗೆ ಗಾವಾನನೇ ಬರೆದಂತೆ ಪತ್ರ ಬರೆದರು, ಬಂದು ದಂಡೆತ್ತು ಎಂದು. ಪತ್ರ ಸುಲ್ತಾನ ಮೂರನೆಯ ಮುಹಮ್ಮದನ ಕೈಸೇರಿತು. ಸುಲ್ತಾನ ಗಾವಾನನನ್ನು ಕರೆಸಿ, ಸ್ವಾಮಿದ್ರೋಹಿಗೆ ಏನು ಶಿಕ್ಷೆ ಎಂದು ಕೇಳಿದ. ಕತ್ತಿ ಎಂದ ಗಾವಾನ. ಆಗ ಪತ್ರ ತೋರಿಸಿದರು. ಮುದ್ರೆ ನನ್ನದು, ಪತ್ರ ನನಗೆ ಗೊತ್ತಿಲ್ಲ ಎಂದು ಆತ ಹೇಳಿದ. ಸುಲ್ತಾನ ಕುಡಿದಿದ್ದ. ಮುದ್ರೆ ಯಾರ ಕೈಯಲ್ಲಿತ್ತು ಎಂದು ಒಂದು ಪ್ರಶ್ನೆ ಕೇಳಿದ್ದರೆ ಸಾಕಿತ್ತು, ಕೇಳಲಿಲ್ಲ. 1481ರ ಏಪ್ರಿಲ್ 5ರಂದು ಆ ವೃದ್ಧನ ತಲೆ ಹೋಯಿತು. ಆಮೇಲೆ ಅವನ ಖಜಾನೆ ತೆರೆಸಿದರು, ಬಹಳ ಬಚ್ಚಿಟ್ಟಿರಬೇಕೆಂದು. ಸಿಕ್ಕಿದ್ದು ಅಲ್ಪ ಹಣ. ಮೂರು ಸಾವಿರ ಪುಸ್ತಕಗಳೇನೋ ಇದ್ದವು, ಆದರೆ ಅವು ಮದರಸಾದ ಹುಡುಗರಿಗೆಂದು ಬಿಟ್ಟವು. ಆತ ಮಲಗುತ್ತಿದ್ದದ್ದು ಚಾಪೆಯ ಮೇಲೆ, ಅನ್ನ ಬೇಯುತ್ತಿದ್ದದ್ದು ಮಣ್ಣಿನ ಗಡಿಗೆಯಲ್ಲಿ. ಸುಲ್ತಾನ ಪಶ್ಚಾತ್ತಾಪಪಟ್ಟ, ಮರುವರ್ಷ ತಾನೂ ಸತ್ತ.

ಮದರಸಾದ ಗತಿ ಇನ್ನೂ ವಿಚಿತ್ರ. ಔರಂಗಜೇಬ ಬೀದರ ಗೆದ್ದ ಮೇಲೆ ಆ ಕಟ್ಟಡ ಸೈನ್ಯದ ವಶವಾಯಿತು. ಹುಡುಗರು ಮಲಗುತ್ತಿದ್ದ ಕಡೆ ಮದ್ದು ತುಂಬಿದ್ದರು. 1696ರಲ್ಲಿ ಅದು ಸಿಡಿಯಿತು. ಸಿಡಿಲು ಬಡಿದು ಸಿಡಿಯಿತು ಎಂದೂ ಹೇಳುತ್ತಾರೆ. ಮುಂಭಾಗದ ಅರ್ಧ ಹಾರಿಹೋಯಿತು, ಒಂದು ಮಿನಾರು ಉಳಿಯಿತು. ಈ ಭಾಗವನ್ನು ಬರೆಯುವಾಗೆಲ್ಲ ನನಗೆ ಹಾಸ್ಟೆಲಿನ ಕಾಯಿಲ್ ನೆನಪಾಗುತ್ತದೆ. ಬಕೆಟಿನಲ್ಲಿ ಇಳಿಬಿಟ್ಟು ನೀರು ಕಾಯಿಸುವ ಆ ಕಾಯಿಲನ್ನು ಪಿನ್ನಿಲ್ಲದೆ, ಬರಿಯ ವಾಯರನ್ನು ಬೆಂಕಿಕಡ್ಡಿಯಿಂದ ಸಾಕೆಟ್ಟಿಗೆ ಸಿಕ್ಕಿಸಿ ನಡೆಸುತ್ತಿದ್ದೆವು. ನಾವು ಬದುಕಿದ್ದು ಅದೃಷ್ಟ.

ಇನ್ನು ನಮ್ಮ ಕಾಲಕ್ಕೆ ಹತ್ತಿರ ಬರುತ್ತೇನೆ. ಹಾಸ್ಟೆಲು ಇಲ್ಲದ ಕಾಲದಲ್ಲಿ ಬಡ ಹುಡುಗರು ವಾರಾನ್ನ ಉಂಡು, ಗುಡಿಯ ಪೌಳಿಯಲ್ಲೋ ಮಠದ ಪಡಸಾಲೆಯಲ್ಲೋ ಮಲಗಿ ಓದಿದರು. ಕೀಲಿ ಹಾಕುವಂಥದ್ದು ಅವರ ಬಳಿ ಏನೂ ಇರಲಿಲ್ಲ. ಆ ವಾರಾನ್ನವೂ ಎಲ್ಲರಿಗೆ ಸಿಗುತ್ತಿರಲಿಲ್ಲ. ಊರಿಗೆ ಹೊರಗಿನ ಹುಡುಗನಿಗೆ ಯಾವ ಮನೆಯ ಪಡಸಾಲೆ? ಕೊಲ್ಹಾಪುರದ ಶಾಹೂ ಮಹಾರಾಜರು ಇದನ್ನು ಕಂಡುಕೊಂಡರು. ಹಳ್ಳಿಯ ಹುಡುಗ ಓದಬೇಕಾದರೆ ಮೊದಲು ಮಲಗಲು ಜಾಗ ಬೇಕು ಎಂದು 1901ರಲ್ಲಿ ವಿಕ್ಟೋರಿಯಾ ಮರಾಠಾ ಬೋರ್ಡಿಂಗ್ ಶುರುವಾಯಿತು. ಆಮೇಲೆ ಜೈನರಿಗೆ, ಲಿಂಗಾಯತರಿಗೆ, ಮುಸ್ಲಿಮರಿಗೆ, ಅಸ್ಪೃಶ್ಯರಿಗೆ ಬೇರೆ ಬೇರೆ ಬೋರ್ಡಿಂಗುಗಳು ಬಂದವು. ಧಾರವಾಡದಲ್ಲಿ ಬಾಬಾಸಾಹೇಬ ಅಂಬೇಡ್ಕರರು 1929ರಲ್ಲಿ ದಲಿತ ವಿದ್ಯಾರ್ಥಿಗಳಿಗಾಗಿ ಹಾಸ್ಟೆಲು ತೆರೆದರು. ಬಲವಂತರಾವ ವರಾಳೆಯವರು ಅದನ್ನು ನೋಡಿಕೊಂಡರು. ಸ್ವತಃ ಅಂಬೇಡ್ಕರರಿಗೆ ಬರೋಡಾದಲ್ಲಿ ಇರಲು ಕೋಣೆ ಸಿಗದೆ, ಪಾರಸಿ ಹೆಸರು ಹೇಳಿ ವಸತಿಗೃಹ ಸೇರಿ, ಅಲ್ಲಿಂದಲೂ ಕೋಲು ಹಿಡಿದು ಬಂದವರು ಹೊರಹಾಕಿದ ಸಂಗತಿ ಎಲ್ಲರಿಗೂ ಗೊತ್ತು. ಆ ಮನುಷ್ಯ ಕಟ್ಟಿದ ಸಂಸ್ಥೆಗಳಲ್ಲಿ ಹಾಸ್ಟೆಲುಗಳಿಗೆ ಅಷ್ಟು ಮಹತ್ವ ಸಿಕ್ಕದ್ದರಲ್ಲಿ ಆಶ್ಚರ್ಯವಿಲ್ಲ.

ಜಾತಿಗೊಂದು ಹಾಸ್ಟೆಲು ಎಂಬ ಈ ಏರ್ಪಾಡನ್ನು ಇಂದಿನ ಕಣ್ಣಿನಿಂದ ಬೈಯುವುದು ಸುಲಭ. ನಾನೂ ಬೈದಿದ್ದೇನೆ. ಆದರೆ ಮೊದಲ ಸಲ ಮನೆ ಬಿಟ್ಟ ಹುಡುಗನಿಗೆ ತನ್ನವರ ನಡುವೆ ಕಣ್ಣು ಮುಚ್ಚಿ ಮಲಗುವುದು ಎಷ್ಟು ದೊಡ್ಡ ವಿಷಯ ಎಂಬುದು ಅಲ್ಲಿ ಮಲಗಿದವರಿಗೆ ಗೊತ್ತು. ಎಲ್ಲರೂ ಸೇರುವ ಹಾಸ್ಟೆಲಿನಲ್ಲಿ ಒಂದು ಸೋಪು ಕಳೆದರೆ ಮೊದಲು ಯಾರ ಟ್ರಂಕು ತೆಗೆಸುತ್ತಾರೆ ಎಂಬುದೂ ಅವರಿಗೆ ಗೊತ್ತು.

ನಮ್ಮ ಬೀದರ ಜಿಲ್ಲೆ 1948ರ ಸೆಪ್ಟೆಂಬರಿನವರೆಗೆ ನಿಜಾಮನ ಆಳ್ವಿಕೆಯಲ್ಲಿತ್ತು. ಸರಕಾರದ ಓದು ಉರ್ದುವಿನಲ್ಲಿ. ಭಾಲ್ಕಿಯ ಚನ್ನಬಸವ ಪಟ್ಟದ್ದೇವರು ಜೋಳಿಗೆ ಹಿಡಿದು ಭಿಕ್ಷೆ ಎತ್ತಿ, 1936ರಲ್ಲಿ ಕಮಲನಗರದಲ್ಲಿ ಶಾಲೆ ನಡೆಸಿದರು. ಹೊರಗೆ ಉರ್ದು ಬೋರ್ಡು, ಒಳಗೆ ಕನ್ನಡ ಪಾಠ ಎಂದು ನಮ್ಮ ಹಿರಿಯರು ಇಂದಿಗೂ ಹೇಳುತ್ತಾರೆ. ಓದು ಮುಂದುವರಿಸಬೇಕಾದವರು ಹೈದರಾಬಾದಿಗೇ ಹೋಗಬೇಕು. ಅಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯದ ಹಾಸ್ಟೆಲಿನಲ್ಲಿ 1938ರ ಕೊನೆಗೆ ಆದದ್ದು ವಂದೇ ಮಾತರಂ ಚಳವಳಿ. ಪ್ರಾರ್ಥನೆಯ ಕೋಣೆಯಲ್ಲಿ ಆ ಹಾಡು ಹಾಡಬಾರದೆಂದು ಅಪ್ಪಣೆಯಾಯಿತು, ಹುಡುಗರು ಹಾಡಿದರು, ಹಾಸ್ಟೆಲಿನಿಂದಲೇ ಹೊರಹಾಕಿದರು. ಆಮೇಲೆ ಕಾಲೇಜಿನಿಂದಲೂ ಹೆಸರು ಹೊಡೆದರು. ಗುಲಬರ್ಗಾದ ಕಾಲೇಜಿಗೂ ಆ ಬಿಸಿ ತಟ್ಟಿತು. ಅವರಲ್ಲಿ ಅನೇಕರನ್ನು ಸೇರಿಸಿಕೊಂಡದ್ದು ದೂರದ ನಾಗಪುರ ವಿಶ್ವವಿದ್ಯಾಲಯ. ನಾನು ಆ ಪ್ರಸಂಗವನ್ನು ದೇಶಭಕ್ತಿಯ ಕಥೆಯಾಗಿ ಶಾಲೆಯಲ್ಲಿ ಕೇಳಿದ್ದೆ. ಈಗ ಓದುವಾಗ ಬೇರೆ ಒಂದು ಪ್ರಶ್ನೆ ಏಳುತ್ತದೆ: ಆ ಮೊದಲ ರಾತ್ರಿ ಅವರೆಲ್ಲ ಎಲ್ಲಿ ಮಲಗಿದರು? ಹಾಸ್ಟೆಲಿನ ಹುಡುಗನಿಗೆ ಕಾಲೇಜು ಹೋದರೆ ಓದು ಹೋಗುತ್ತದೆ, ಹಾಸ್ಟೆಲು ಹೋದರೆ ಅವತ್ತಿನ ಊಟವೇ ಹೋಗುತ್ತದೆ. ಅದಕ್ಕೇ ಆಳುವವರು ಮೊದಲು ಅಲ್ಲಿಗೆ ಕೈ ಹಾಕುತ್ತಾರೆ.

1972ರಿಂದ ದೇವರಾಜ ಅರಸರು ಮುಖ್ಯಮಂತ್ರಿಯಾಗಿದ್ದ ಕಾಲದಲ್ಲಿ ಹಿಂದುಳಿದ ವರ್ಗಗಳ ಹಾಸ್ಟೆಲುಗಳು ಹಳ್ಳಿಗಳ ಹತ್ತಿರಕ್ಕೆ ಬಂದವು. ನಮ್ಮ ಮನೆಗಳಿಂದ ಮೊದಲ ಸಲ ಓದಲು ಹೊರಟವರು ಈ ಹಾಸ್ಟೆಲುಗಳವರು. ಸಿದ್ದಲಿಂಗಯ್ಯನವರ ‘ಊರುಕೇರಿ’, ಅರವಿಂದ ಮಾಲಗತ್ತಿಯವರ ‘ಗೌರ್ಮೆಂಟ್ ಬ್ರಾಹ್ಮಣ’ ಓದಿದವರಿಗೆ ಆ ಲೋಕದ ಪರಿಚಯವಿದೆ, ನಾನು ಹೆಚ್ಚು ಹೇಳಬೇಕಿಲ್ಲ.

ಈಗ ನನ್ನ ಕಥೆ.

ಪಿಯುಸಿ ಮೊದಲ ವರ್ಷ, ದೀಪಾವಳಿ ಮುಗಿಸಿ ಊರಿನಿಂದ ಮರಳಿದ್ದೆ. ಅಪ್ಪ ಫೀಸು ಮತ್ತು ಪುಸ್ತಕಕ್ಕೆಂದು 1,800 ರೂಪಾಯಿ ಕೊಟ್ಟಿದ್ದ. ಟ್ರಂಕಿನಲ್ಲಿ ಬಟ್ಟೆಯ ಅಡಿಗೆ ಇಟ್ಟೆ. ನಾಲ್ಕನೆಯ ದಿನ ನೋಡಿದರೆ ಇಲ್ಲ. ಕೀಲಿ ಹಾಕಿದ್ದು ಹಾಕಿದಂತೆಯೇ ಇದೆ. ಇಡೀ ಟ್ರಂಕು ಮಂಚದ ಮೇಲೆ ಸುರಿದೆ. ಅತ್ತೆ. ಯಾರೋ ವಾರ್ಡನ್‌ಗೆ ಹೇಳಿದರು.

ವಾರ್ಡನ್ ಬಂದು ಕೇಳಿದ ಮೊದಲ ಮಾತು, ‘ಕೀಲಿ ಮುರಿದಿಲ್ಲ ಅಂದಮೇಲೆ ಯಾರ ಕೀಲಿಕೈ ಹತ್ತುತ್ತದೆ ನೋಡಿರಿ’ ಎಂದು. ಕೋಣೆಯ ಎಂಟೂ ಜನರ ಕೀಲಿಕೈ ತರಿಸಿದರು. ಆರು ಹತ್ತಲಿಲ್ಲ. ನನ್ನ ಬಾಜೂ ಮಂಚದವನ ಕೀಲಿಕೈ ಸಲೀಸಾಗಿ ತಿರುಗಿ ಕೀಲಿ ಟಕ್ಕೆಂದು ಬಿಚ್ಚಿಕೊಂಡಿತು.

ಅವನು ತಾಂಡಾದ ಹುಡುಗ. ಹಾಸ್ಟೆಲಿನಲ್ಲಿ ನನ್ನ ಮೊದಲ ಗೆಳೆಯ. ಅವನೂ ಹುಮನಾಬಾದದ ಬಜಾರಿನಲ್ಲಿ, ನನ್ನಂಥದೇ ಅಗ್ಗದ ಕೀಲಿ ಕೊಂಡಿದ್ದ. “ಕೀಲಿಕೈ ನಂದೇ ಐತ್ರಿ ಸರ್, ನಾ ಮಾತ್ರ ತಗೊಂಡಿಲ್ಲರಿ” ಎಂದ. ಮತ್ತೆ ಮತ್ತೆ ಅದನ್ನೇ ಹೇಳಿದ. ಅಷ್ಟು ಅಗ್ಗದ ಕೀಲಿಗಳಲ್ಲಿ ಕೀಲಿಕೈಯ ಹಲ್ಲುಗಳ ಬಗೆ ಬೆರಳೆಣಿಕೆಯಷ್ಟೇ ಇರುತ್ತವೆ, ಒಂದೇ ಪೆಟ್ಟಿಗೆಯಿಂದ ತೆಗೆದ ಹತ್ತು ಕೀಲಿಗಳಲ್ಲಿ ಎರಡಕ್ಕೆ ಒಂದೇ ಕೈ ಹತ್ತಬಹುದು, ಸವೆದ ಮೇಲೆ ಇನ್ನೂ ಸುಲಭ. ಲಿವರುಗಳ ಸಂಖ್ಯೆ ಹೆಚ್ಚಿದ್ದಷ್ಟೂ ಬೇರೆ ಕೈ ಹತ್ತುವುದು ಕಷ್ಟ, ಅದಕ್ಕೇ ಒಳ್ಳೆಯ ಅಲಿಗಢದ ಕೀಲಿಯ ಮೇಲೆ ಆರು ಲಿವರ್, ಏಳು ಲಿವರ್ ಎಂದು ಕೆತ್ತಿರುತ್ತಾರೆ. ಇದೆಲ್ಲ ನನಗೆ ಗೊತ್ತಾದದ್ದು ಬಹಳ ವರ್ಷದ ಮೇಲೆ. ಅವತ್ತು ಆ ಕೋಣೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಗೊತ್ತಿದ್ದರೂ ಯಾರಾದರೂ ಹೇಳುತ್ತಿದ್ದರೋ ಇಲ್ಲವೋ. ‘ತಾಂಡಾದವರು’ ಎಂದು ಬಾಗಿಲಲ್ಲಿ ನಿಂತವರು ಆಗಲೇ ಪಿಸುಗುಟ್ಟುತ್ತಿದ್ದರು. ಆ ಜನರ ಮೇಲೆ ಬ್ರಿಟಿಷರ ಕಾಲದಿಂದ ಬಿದ್ದ ಸಂಶಯದ ಇತಿಹಾಸವನ್ನು ಎಂ.ಎ.ಯಲ್ಲಿ ಓದುವಾಗ ನನಗೆ ಕೇಳಿಸಿದ್ದು ಆ ಪಿಸುಮಾತೇ.

ಮರುದಿನ ಅವನ ಅಪ್ಪನನ್ನು ಕರೆಸಿದರು. ಆತ ಕೈ ಮುಗಿದುಕೊಂಡೇ ನಿಂತಿದ್ದ. ಪೊಲೀಸು ಗಿಲೀಸು ಬೇಡ, ರೊಕ್ಕ ತುಂಬಿ ಮಗನನ್ನು ಕರೆದುಕೊಂಡು ಹೋಗು ಎಂದರು. ಮೂರು ದಿನದಲ್ಲಿ ಆಡು ಮಾರಿ ಆತ 1,800 ರೂಪಾಯಿ ತಂದ. ವಾರ್ಡನ್ ನನ್ನನ್ನು ಕರೆದು ಅದನ್ನು ನನ್ನ ಕೈಗೆ ಕೊಟ್ಟರು. ನಾನು ತೆಗೆದುಕೊಂಡೆ, ಫೀಸು ಕಟ್ಟಿದೆ. ಅವನು ಟ್ರಂಕು ತಲೆಯ ಮೇಲಿಟ್ಟುಕೊಂಡು ಗೇಟು ದಾಟಿದ್ದನ್ನು ಕಿಟಕಿಯಿಂದ ನೋಡಿದೆ.

ಜನವರಿಯಲ್ಲಿ, ವೀರಭದ್ರೇಶ್ವರನ ಜಾತ್ರೆಗೆಂದು ಹುಮನಾಬಾದಿಗೆ ಹೊರಡುವ ಮುನ್ನ ಟ್ರಂಕು ಒರೆಸಲು ತಳದ ಪೇಪರು ತೆಗೆದೆ. ಅವ್ವ ಹಾಸಿದ್ದ ಪೇಪರಿನ ಮಡಿಕೆಯೊಳಗೆ ನೋಟುಗಳು ಇದ್ದವು. ಎಣಿಸಿದೆ. ಹದಿನೆಂಟು ನೂರು.

ಯಾರಿಗೂ ಹೇಳಲಿಲ್ಲ. ಹದಿನಾರು ವರ್ಷದವನಿಗೆ ಹೇಳುವ ಧೈರ್ಯ ಇರಲಿಲ್ಲ ಎಂದು ನನಗೆ ನಾನೇ ಸಮಜಾಯಿಷಿ ಕೊಟ್ಟುಕೊಂಡಿದ್ದೇನೆ. ಹದಿನೇಳಕ್ಕೂ ಹೇಳಲಿಲ್ಲ, ಇಪ್ಪತ್ತಕ್ಕೂ ಹೇಳಲಿಲ್ಲ. ಆ ರೊಕ್ಕವನ್ನೂ ಖರ್ಚು ಮಾಡಿದೆ.

ಹೀಗಾಗಿ ಹಾಸ್ಟೆಲಿನಲ್ಲಿ ಸಾಮಾನು ಜೋಪಾನ ಮಾಡುವ ಬಗ್ಗೆ ಹೊಸ ಹುಡುಗರು ನನ್ನನ್ನು ಕೇಳಿದಾಗ ನನ್ನ ಉತ್ತರ ಸ್ವಲ್ಪ ಉದ್ದವಾಗುತ್ತದೆ. ಒಳ್ಳೆಯ ಕೀಲಿ ತಗೋ, ಸರ್ಟಿಫಿಕೇಟುಗಳನ್ನು ಡಿಜಿಲಾಕರಿನಲ್ಲಿ ಇಡು, ಮೂಲ ಪ್ರತಿ ಮನೆಯಲ್ಲಿರಲಿ, ಜೆರಾಕ್ಸ್ ತಾ. ಫೋನಿನಲ್ಲಿ ಸ್ಟಾರ್ ಹ್ಯಾಶ್ ಸೊನ್ನೆ ಆರು ಹ್ಯಾಶ್ ಒತ್ತಿದರೆ ಬರುವ ಐಎಂಇಐ ನಂಬರು ಬರೆದಿಟ್ಟುಕೋ. ಫೋನು ಕಳೆದರೆ ಪೊಲೀಸು ದೂರಿನ ಜೊತೆಗೆ ಸಿಇಐಆರ್ ಪೋರ್ಟಲಿನಲ್ಲಿ ಆ ನಂಬರು ಕೊಟ್ಟು ಫೋನು ಬಂದ್ ಮಾಡಿಸಬಹುದು. ಬೇರೆಯವರ ಕೈಗೆ ಒಟಿಪಿ ಕೊಡಬೇಡ, ರೂಮ್‌ಮೇಟ್ ಆದರೂ. ಗಾವಾನನ ಮುದ್ರೆಗೂ ನಮ್ಮ ಒಟಿಪಿಗೂ ಬಹಳ ವ್ಯತ್ಯಾಸವಿಲ್ಲ. ಇಷ್ಟು ಹೇಳಿ, ಏನಾದರೂ ಕಳೆದರೆ ಮೊದಲು ಟ್ರಂಕಿನ ತಳದ ಪೇಪರು ಎತ್ತಿ ನೋಡು ಎನ್ನುತ್ತೇನೆ. ಅವರು ತಮಾಷೆ ಎಂದುಕೊಂಡು ನಗುತ್ತಾರೆ.

ತನ್ನ ಜೀವದ ವಿಷಯ ಬಂದರೆ ಹುಡುಗರಿಗೆ ಹೇಳಬೇಕಾದ್ದಕ್ಕಿಂತ ಹಾಸ್ಟೆಲು ನಡೆಸುವವರಿಗೆ ಹೇಳಬೇಕಾದ್ದೇ ಹೆಚ್ಚು. 2019ರ ಆಗಸ್ಟ್ 18ರಂದು ಕೊಪ್ಪಳದ ಒಂದು ಹಾಸ್ಟೆಲಿನಲ್ಲಿ ಸ್ವಾತಂತ್ರ್ಯ ದಿನಕ್ಕೆ ನೆಟ್ಟಿದ್ದ ಕಬ್ಬಿಣದ ಧ್ವಜಕಂಬ ಕೀಳುವಾಗ ಅದು ವಿದ್ಯುತ್ ತಂತಿಗೆ ತಗುಲಿ ಐವರು ವಿದ್ಯಾರ್ಥಿಗಳು ಸತ್ತರು. ಆ ಮಕ್ಕಳು ಯಾವ ಎಚ್ಚರ ತಪ್ಪಿದ್ದರು? ಕಂಬ ಕೀಳಲು ಹೇಳಿದರೆ ಕಿತ್ತರು. ರ‍್ಯಾಗಿಂಗನ್ನು ನಿಷೇಧಿಸುವ ಮಾತು 1983ರ ಕರ್ನಾಟಕ ಶಿಕ್ಷಣ ಕಾಯ್ದೆಯಲ್ಲೇ ಇದೆ, ಯುಜಿಸಿ 2009ರಲ್ಲಿ ಕಠಿಣ ನಿಯಮ ಮಾಡಿತು, 1800-180-5522 ಎಂಬ ಸಹಾಯವಾಣಿ ಇದೆ. ಈ ನಂಬರನ್ನು ಎಷ್ಟು ಹಾಸ್ಟೆಲುಗಳ ಗೋಡೆಯ ಮೇಲೆ ಬರೆದಿದ್ದಾರೆ, ಬಂದು ನೋಡಬೇಕು.

ನನ್ನ ತಂಗಿಯ ಹಾಸ್ಟೆಲಿನದು ಇನ್ನೊಂದು ಬಗೆ. ಸಂಜೆ ಆರೂವರೆಗೆ ಗೇಟಿಗೆ ಕೀಲಿ ಬೀಳುತ್ತದೆ, ಹೊರಗಿನಿಂದ. ಕೀಲಿಕೈ ವಾಚ್‌ಮನ್ ಬಳಿ. ‘ನಿಮ್ಮ ಸುರಕ್ಷತೆಗೇ’ ಎನ್ನುತ್ತಾರೆ. “ರಾತ್ರಿ ಬೆಂಕಿ ಬಿದ್ದರೆ ನಾವು ಆತನ್ನ ಹುಡುಕಬೇಕೇನಣ್ಣ?” ಎಂದು ಅವಳು ಕೇಳಿದಾಗ ನನ್ನ ಬಳಿ ಉತ್ತರ ಇರಲಿಲ್ಲ. ದಿಲ್ಲಿಯಲ್ಲಿ 2015ರಲ್ಲಿ ‘ಪಿಂಜ್ರಾ ತೋಡ್’ ಎಂದು ಹುಡುಗಿಯರು ಬೀದಿಗಿಳಿದದ್ದು ಇದೇ ಕೀಲಿಯ ವಿರುದ್ಧ. ಕೀಲಿಯೊಂದೇ ಸಾಲದು, ಅದರ ಕೈ ಯಾರ ಹತ್ತಿರ ಇದೆ ಎಂಬುದನ್ನು ಕೇಳಬೇಕು.

ಹೋದ ವರ್ಷ ಹುಮನಾಬಾದ ಬಸ್ ಸ್ಟ್ಯಾಂಡಿನಲ್ಲಿ ಅವನು ಸಿಕ್ಕ. ನಾನೇ ಗುರುತು ಹಿಡಿದೆ. ಜಹೀರಾಬಾದಿಗೆ ಕೂಲಿ ಜನರನ್ನು ಒಯ್ಯುವ ಟೆಂಪೋ ಓಡಿಸುತ್ತಾನಂತೆ. ಚಹಾ ಕುಡಿದೆವು. ಓದು ಅಲ್ಲಿಗೇ ನಿಂತಿತ್ತು, ಮುಂದಿನ ವರ್ಷ ಬೇರೆ ಹಾಸ್ಟೆಲಿಗೆ ಕೇಳಲು ಹೋಗಿದ್ದನಂತೆ, ಹಳೆಯ ಹಾಸ್ಟೆಲಿನ ಕಾಗದ ಕೇಳಿದರು, ಬಿಟ್ಟುಬಂದನಂತೆ. ಅದನ್ನು ಹೇಳುವಾಗ ಅವನ ದನಿಯಲ್ಲಿ ಸಿಟ್ಟೇನೂ ಇರಲಿಲ್ಲ. ನಾನು ಹೇಳಿದೆ. ಪೇಪರು, ಮಡಿಕೆ, ನೋಟು, ಎಲ್ಲ. ಬಹಳ ಹೊತ್ತು ಬಸಿಯಲ್ಲಿ ಉಳಿದ ಚಹಾ ನೋಡುತ್ತ ಕೂತ.

ನಾನು ಜೇಬಿನಿಂದ ಕವರು ತೆಗೆದು ಟೇಬಲ್ಲಿನ ಮೇಲಿಟ್ಟೆ. ಎಂದಾದರೂ ಸಿಕ್ಕರೆ ಕೊಡಬೇಕೆಂದು ಎರಡು ವರ್ಷದಿಂದ ಚೀಲದಲ್ಲಿ ಇಟ್ಟುಕೊಂಡು ಓಡಾಡುತ್ತಿದ್ದ ಕವರು. ಹದಿನೆಂಟು ನೂರಕ್ಕೆ ಇನ್ನಷ್ಟು ಸೇರಿಸಿದ್ದೆ. ಅವನು ಮುಟ್ಟಲಿಲ್ಲ.

“ಆ ಆಡು ಗಬ್ಬ ಇತ್ತೋ” ಎಂದ.

ಹೊರಗೆ ಅವನ ಟೆಂಪೋದ ಹಾರ್ನನ್ನು ಯಾರೋ ಒತ್ತುತ್ತಿದ್ದರು. ಎದ್ದು ಹೋದ.